ಕಾಗ್ನಿಟಿವ್ ಸೈನ್ಸ್ ಓದಬೇಕೆ? ಕಲಬುರಗಿ, ಬೀದರ್, ಯಾದಗಿರಿಯ ಪದವೀಧರರಿಗೆ ಒಂದು ದಾರಿ

ಕಲಬುರಗಿಯಲ್ಲಿ ಬಿ.ಎ. ಮನಃಶಾಸ್ತ್ರ ಮುಗಿಸಿದವರು, ಬೀದರಿನಲ್ಲಿ ಕಂಪ್ಯೂಟರ್ ಸೈನ್ಸ್ ಬಿ.ಇ. ಮಾಡಿದವರು, ಸುರಪುರದ ಕಡೆ ಶಾಲೆಯಲ್ಲಿ ಪಾಠ ಹೇಳುತ್ತಿರುವ ಬಿ.ಎಡ್. ಪದವೀಧರರು ಕೇಳುವುದು ಒಂದೇ ಮಾತು: "ಕಾಗ್ನಿಟಿವ್ ಸೈನ್ಸ್ ಅಂತ ಒಂದು ಕೋರ್ಸ್ ಇದೆಯಂತೆ. ನಾನು ಓದಿದ್ದಕ್ಕೂ ಅದಕ್ಕೂ ಹೊಂದುತ್ತದೆಯೇ? ಎಲ್ಲಿ ಸೇರಬೇಕು, ಯಾವ ಪರೀಕ್ಷೆ ಬರೆಯಬೇಕು?" ಹೊಂದುತ್ತದೆ. ಆದರೆ ಫಾರಂ ತುಂಬುವುದಕ್ಕೆ ಮೊದಲು ಮಾಡಬೇಕಾದ ಕೆಲಸವೇ ಹೆಚ್ಚು. ಆ ಕೆಲಸಕ್ಕೆ ಒಂದು ವರ್ಷ ಇಟ್ಟುಕೊಳ್ಳಿ. ಈ ಲೇಖನ ಆ ಒಂದು ವರ್ಷಕ್ಕಾಗಿ.

1. ಇದು ಏನು, ಏನಲ್ಲ ಎಂಬುದನ್ನು ಮೊದಲು ತಿಳಿಯಿರಿ

ನೋಡುವುದು, ನೆನಪಿಡುವುದು, ಮಾತು ಅರ್ಥಮಾಡಿಕೊಳ್ಳುವುದು, ಲೆಕ್ಕ ಮಾಡುವುದು, ನಿರ್ಧಾರ ತೆಗೆದುಕೊಳ್ಳುವುದು, ಇವೆಲ್ಲ ಮನಸ್ಸಿನಲ್ಲಿ ಹೇಗೆ ನಡೆಯುತ್ತವೆ ಎಂದು ಹುಡುಕುವ ಶಾಸ್ತ್ರ ಕಾಗ್ನಿಟಿವ್ ಸೈನ್ಸ್. ಕನ್ನಡದಲ್ಲಿ ಅರಿವಿನ ವಿಜ್ಞಾನ ಎನ್ನಬಹುದು. ಮನಃಶಾಸ್ತ್ರ, ಭಾಷಾಶಾಸ್ತ್ರ, ಕಂಪ್ಯೂಟರ್ ವಿಜ್ಞಾನ, ನರವಿಜ್ಞಾನ, ತತ್ವಶಾಸ್ತ್ರ, ಮಾನವಶಾಸ್ತ್ರ, ಈ ಆರೂ ಸೇರಿ ಕಟ್ಟಿದ ಕ್ಷೇತ್ರವಿದು. 1956ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ನಡೆದ ವಿಚಾರಗೋಷ್ಠಿಯಲ್ಲಿ ಜಾರ್ಜ್ ಮಿಲ್ಲರ್, ನೋಮ್ ಚಾಮ್‌ಸ್ಕಿ, ಅಲನ್ ನ್ಯೂವೆಲ್ ಮತ್ತು ಹರ್ಬರ್ಟ್ ಸೈಮನ್ ತಮ್ಮ ತಮ್ಮ ಕೆಲಸ ಮಂಡಿಸಿದ್ದನ್ನು ಇದರ ಆರಂಭವೆಂದು ಸಾಮಾನ್ಯವಾಗಿ ಹೇಳುತ್ತಾರೆ. ಒಬ್ಬರು ಮನಃಶಾಸ್ತ್ರದವರು, ಒಬ್ಬರು ಭಾಷೆಯವರು, ಇಬ್ಬರು ಕಂಪ್ಯೂಟರಿಗೆ ತರ್ಕ ಕಲಿಸುತ್ತಿದ್ದವರು. ಯಾರೂ ತಮ್ಮ ಶಾಸ್ತ್ರ ಬಿಟ್ಟು ಬಂದಿರಲಿಲ್ಲ ಎಂಬುದನ್ನು ಗಮನಿಸಿ.

ಇದು ಆಪ್ತಸಮಾಲೋಚನೆ ಅಲ್ಲ, ಮಾನಸಿಕ ರೋಗಗಳ ಚಿಕಿತ್ಸೆಯೂ ಅಲ್ಲ. ರೋಗಿಗಳನ್ನು ನೋಡುವ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಬೇಕೆಂದರೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆ ಇರುವ ಬೇರೆ ಕೋರ್ಸ್ ಬೇಕು. ಕಾಗ್ನಿಟಿವ್ ಸೈನ್ಸ್ ಪದವಿಯಿಂದ ಆ ಪರವಾನಗಿ ಸಿಗುವುದಿಲ್ಲ. ಎರಡು ವರ್ಷ ಓದಿದ ಮೇಲೆ ಈ ಮಾತು ತಿಳಿದರೆ ತುಂಬ ನೋವಾಗುತ್ತದೆ. ಅದಕ್ಕೇ ಮೊದಲ ಹಂತದಲ್ಲೇ ಹೇಳಿಬಿಟ್ಟೆವು.

2. ಕೋರ್ಸ್ ಹುಡುಕುವ ಮುಂಚೆ ಪ್ರಶ್ನೆ ಹುಡುಕಿ

"ನನಗೆ ಮೆದುಳಿನ ಬಗ್ಗೆ ಆಸಕ್ತಿ" ಎಂದರೆ ಅದು ಪ್ರಶ್ನೆ ಆಗುವುದಿಲ್ಲ. ಒಂದು ಗಂಟೆಯೊಳಗೆ ಯಾರನ್ನಾದರೂ ಕೂಡಿಸಿ ಪರೀಕ್ಷಿಸಿ ನೋಡಬಹುದು ಎನ್ನುವಷ್ಟು ಸಣ್ಣದಾಗಿರಬೇಕು. ನಮ್ಮ ಮೂರು ಜಿಲ್ಲೆಗಳಲ್ಲಿ ಇಂಥ ಪ್ರಶ್ನೆಗಳಿಗೆ ಬರವಿಲ್ಲ.

ಬೀದರಿನ ಗಾಂಧಿ ಗಂಜ್‌ನಲ್ಲಿ ಒಂದು ತಾಸು ನಿಲ್ಲಿ. ಕನ್ನಡ, ಉರ್ದು, ಮರಾಠಿ, ತೆಲುಗು, ನಾಲ್ಕರಲ್ಲೂ ದರ ಕೇಳಿಬರುತ್ತದೆ. ಈಗ 29 ಎಂಬ ಒಂದೇ ಸಂಖ್ಯೆ ಹಿಡಿಯಿರಿ. ಕನ್ನಡದಲ್ಲಿ ಇಪ್ಪತ್ತೊಂಬತ್ತು: ಇಪ್ಪತ್ತು ಮೊದಲು, ಒಂಬತ್ತು ಆಮೇಲೆ. ಅಂಕಿ ಬರೆಯುವ ಕ್ರಮವೂ ಅದೇ. ತೆಲುಗಿನಲ್ಲೂ ಹಾಗೆಯೇ. ಉರ್ದುವಿನಲ್ಲಿ ಅದು ಉನ್ತೀಸ್, ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ಮರಾಠಿಯಲ್ಲಿ ಏಕೋಣತೀಸ್, ಅಲ್ಲಿಯೂ ಮೂವತ್ತಕ್ಕೆ ಒಂದು ಕಡಿಮೆಯೇ. ಬರೆಯುವ ಅಂಕಿ 2ರಿಂದ ಶುರು, ಕಿವಿಗೆ ಬೀಳುವುದು ಮೂವತ್ತರ ಹೆಸರು. ಉರ್ದುವಿನಲ್ಲಿ ಎಣಿಸಲು ಕಲಿತವರಿಗೆ 29 ಕೇಳಿ ಬರೆಯುವಾಗ ಕ್ಷಣಮಾತ್ರದ ತಡೆ ಇರುತ್ತದೆಯೇ? ಎರಡೂ ಭಾಷೆ ಸರಾಗವಾಗಿ ಬರುವವರಿಗೆ? ಇದು ಪ್ರಶ್ನೆ.

ಆರು ಶಾಸ್ತ್ರಗಳು ಏಕೆ ಬೇಕು ಎಂಬುದೂ ಇಲ್ಲೇ ಕಾಣುತ್ತದೆ. ಸಂಖ್ಯಾಪದಗಳು ಹೇಗೆ ಕೂಡಿಕೊಂಡಿವೆ ಎಂದು ಭಾಷಾಶಾಸ್ತ್ರಜ್ಞ ಬಿಡಿಸುತ್ತಾನೆ. ಉತ್ತರಿಸಲು ತೆಗೆದುಕೊಳ್ಳುವ ಸಮಯವನ್ನು ಮನಃಶಾಸ್ತ್ರಜ್ಞೆ ಅಳೆಯುತ್ತಾಳೆ. ಪದ ಕೇಳಿ ಅಂಕಿ ಬರೆಯುವ ಮಾದರಿಯನ್ನು ಕಂಪ್ಯೂಟರಿನವರು ಕಟ್ಟಿ, ಅದು ಎಲ್ಲಿ ಎಡವುತ್ತದೆ ಎಂದು ನೋಡುತ್ತಾರೆ. ನರವಿಜ್ಞಾನಿ ಇಇಜಿ ಹಾಕುತ್ತಾರೆ. ತಲೆಯ ಮೇಲೆ ಇಟ್ಟ ವಿದ್ಯುದ್ವಾರಗಳ ಮೂಲಕ ಮೆದುಳಿನ ವಿದ್ಯುತ್ ಏರಿಳಿತ ದಾಖಲಿಸುವ ಉಪಕರಣ ಅದು. ಸಂತೆಯಲ್ಲಿ, ಶಾಲೆಯಲ್ಲಿ, ಮನೆಯಲ್ಲಿ ಯಾರು ಯಾವ ಭಾಷೆಯಲ್ಲಿ ಎಣಿಸುತ್ತಾರೆ ಎಂಬುದು ಮಾನವಶಾಸ್ತ್ರದವರ ಕೆಲಸ. ಸಂಖ್ಯೆಯ ಅರಿವು ಭಾಷೆಯಿಲ್ಲದೆ ಇರಬಲ್ಲದೇ ಎಂದು ಕೇಳುವುದು ತತ್ವಶಾಸ್ತ್ರ.

ನಿಮ್ಮ ಪ್ರಶ್ನೆ ಸಂಖ್ಯೆಯದ್ದೇ ಆಗಬೇಕಿಲ್ಲ. ಕನ್ನಡ ಎಡದಿಂದ ಬಲಕ್ಕೆ, ಉರ್ದು ಬಲದಿಂದ ಎಡಕ್ಕೆ. ಎರಡೂ ಓದುವವರ ಕಣ್ಣು ಹೇಗೆ ಓಡುತ್ತದೆ? ಒತ್ತಕ್ಷರ ಕಲಿಯುವಾಗ ಎರಡನೇ ತರಗತಿಯ ಮಕ್ಕಳು ಎಲ್ಲಿ ತಪ್ಪುತ್ತಾರೆ? ಹತ್ತು ಪ್ರಶ್ನೆ ಬರೆದು ಒಂಬತ್ತು ಹೊಡೆದುಹಾಕಿ. ಉಳಿದ ಒಂದನ್ನು ಮುಂದಿನ ಎಲ್ಲ ಹಂತಗಳಲ್ಲೂ ಕೈಯಲ್ಲಿ ಹಿಡಿದಿರಿ.

3. ತವರು ಶಾಸ್ತ್ರ ಗಟ್ಟಿ ಮಾಡಿಕೊಳ್ಳಿ

ಈ ಕ್ಷೇತ್ರಕ್ಕೆ ಬರುವವರು ಮಾಡುವ ದೊಡ್ಡ ತಪ್ಪು ಒಂದಿದೆ. ಆರೂ ಶಾಸ್ತ್ರಗಳಿಂದ ಒಂದೊಂದು ಚಮಚ ತೆಗೆದುಕೊಂಡರೆ ಸಾಕು ಎಂದುಕೊಳ್ಳುತ್ತಾರೆ. ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಅದು ಬಯಲಾಗುತ್ತದೆ. ನಿಮ್ಮ ಪದವಿಯ ವಿಷಯವೇ ನಿಮ್ಮ ತವರು. ಅದರಲ್ಲಿ ಯಾರು ಏನು ಕೇಳಿದರೂ ಹೇಳುವಂತಿರಬೇಕು. ಅದರ ಜತೆಗೆ ಪಕ್ಕದ ಒಂದು ಶಾಸ್ತ್ರವನ್ನು ಕೆಲಸಕ್ಕೆ ಬರುವಷ್ಟು ಕಲಿಯಿರಿ. ಮೂರನೆಯದು ಸೇರಿದ ಮೇಲೆ.

ಮನಃಶಾಸ್ತ್ರದವರಿಗೆ ಕೊರತೆ ಬೀಳುವುದು ಗಣಿತ ಮತ್ತು ಪ್ರೋಗ್ರಾಮಿಂಗ್. ಪಿಯುಸಿಯಲ್ಲಿ ಗಣಿತ ಇರಲಿಲ್ಲವೆಂದು ಹೆದರಬೇಡಿ. ಬೇಕಿರುವುದು ಮೂರು ತುಂಡು ಮಾತ್ರ: ಸಂಭವನೀಯತೆ (ಷರತ್ತಿನ ಸಂಭವನೀಯತೆ, ಹೊಸ ಮಾಹಿತಿ ಬಂದಾಗ ಅಂದಾಜು ತಿದ್ದುವ ಬೇಯ್ಸ್ ನಿಯಮದವರೆಗೆ), ಮ್ಯಾಟ್ರಿಕ್ಸ್ ಅಂದರೆ ಸಾಲುಕಂಬಗಳಲ್ಲಿ ಜೋಡಿಸಿದ ಸಂಖ್ಯೆಗಳ ಗುಣಾಕಾರ, ಡಿರೈವೇಟಿವ್ ಅಂದರೆ ಬದಲಾವಣೆಯ ವೇಗ ಏನು ಎಂಬ ಕಲ್ಪನೆ. ದಿನಕ್ಕೆ ಒಂದು ತಾಸಿನಂತೆ ಆರು ತಿಂಗಳು ಕೂತರೆ ಕೈಗೆ ಹತ್ತುತ್ತದೆ. ಪೈಥಾನ್ ಅಥವಾ ಆರ್, ಯಾವುದಾದರೂ ಒಂದು ಭಾಷೆ ಹಿಡಿಯಿರಿ, ಎರಡೂ ಒಟ್ಟಿಗೆ ಬೇಡ.

ಎಂಜಿನಿಯರಿಂಗ್‌ನವರಿಗೆ ಕೋಡ್ ಬರುತ್ತದೆ, ಪ್ರಯೋಗದ ವಿನ್ಯಾಸ ಬರುವುದಿಲ್ಲ. ಒಂದು ಫಲಿತಾಂಶಕ್ಕೆ ಎಷ್ಟು ಬೇರೆ ವಿವರಣೆಗಳಿರಬಹುದು ಎಂದು ಯೋಚಿಸುವ ಅಭ್ಯಾಸವನ್ನು ಬಿ.ಇ. ಪಠ್ಯ ಕಲಿಸುವುದಿಲ್ಲ. ಮಷೀನ್ ಲರ್ನಿಂಗ್ ಬರುತ್ತದೆಂದು ಅದೇ ಕಾಗ್ನಿಟಿವ್ ಸೈನ್ಸ್ ಎಂದು ಭಾವಿಸುವುದೂ ತಪ್ಪು. ಒಂದು ಮಾದರಿ ಸರಿಯುತ್ತರ ಕೊಟ್ಟರೆ ಸಾಲದು. ಮನುಷ್ಯ ತಪ್ಪುವ ಕಡೆ ಅದೂ ತಪ್ಪುತ್ತದೆಯೇ ಎಂಬುದು ಇಲ್ಲಿಯ ಪ್ರಶ್ನೆ.

ಕನ್ನಡ ಎಂ.ಎ. ಮಾಡಿದವರು, ಭಾಷಾವಿಜ್ಞಾನ ಓದಿದವರು ತಮ್ಮನ್ನು ತಾವು ಕಡೆಗಣಿಸುತ್ತಾರೆ, ಅದು ಬೇಡ. ಧ್ವನಿಮಾ, ಆಕೃತಿಮಾ, ವಾಕ್ಯರಚನೆ ಚೆನ್ನಾಗಿ ಗೊತ್ತಿರುವವರಿಗೆ ಕನ್ನಡದ ಮೇಲೆ ಪ್ರಯೋಗ ಮಾಡುವಾಗ ಇರುವ ಬಲ ಬೇರೆಯವರಿಗೆ ಇಲ್ಲ. ನೀವು ಕಲಿಯಬೇಕಾದ್ದು ಸಂಖ್ಯಾಶಾಸ್ತ್ರ. ವಾಕ್ ಮತ್ತು ಶ್ರವಣ ವಿಷಯದ ಬಿ.ಎ.ಎಸ್.ಎಲ್.ಪಿ. ಮಾಡಿದವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ದಾರಿಯೂ ತೆರೆದಿದೆ.

ಪಾಠ ಎಲ್ಲಿ ಕೇಳಬೇಕು? ಕೇಂದ್ರ ಸರ್ಕಾರದ ಸ್ವಯಂ ಜಾಲತಾಣದಲ್ಲಿ ಐಐಟಿಗಳ ಅಧ್ಯಾಪಕರು ಪಾಠ ಹೇಳುವ ಎನ್‌ಪಿಟಿಇಎಲ್ ಕೋರ್ಸ್‌ಗಳಲ್ಲಿ ಕಾಗ್ನಿಟಿವ್ ಸೈಕಾಲಜಿಯೂ ಇದೆ, ಸಂಭವನೀಯತೆ, ಪೈಥಾನ್ ಎಲ್ಲವೂ ಇವೆ. ಜನವರಿ ಮತ್ತು ಜುಲೈನಲ್ಲಿ ಶುರುವಾಗುತ್ತವೆ. 4, 8 ಅಥವಾ 12 ವಾರದವು. ಕಲಿಯಲು ಹಣ ಬೇಡ, ಪ್ರಮಾಣಪತ್ರದ ಪರೀಕ್ಷೆಗೆ ಮಾತ್ರ 1,000 ರೂ. ಒಂದು ಅವಧಿಗೆ ಎರಡಕ್ಕಿಂತ ಹೆಚ್ಚು ಹಿಡಿಯಬೇಡಿ. ಐದು ಅರ್ಧಂಬರ್ಧ ಪ್ರಮಾಣಪತ್ರಕ್ಕಿಂತ, ಪೂರ್ತಿ ಬಿಡಿಸಿದ ಒಂದು ಲೆಕ್ಕದ ನೋಟ್‌ಬುಕ್ ಮೇಲು.

ಕನ್ನಡ ಮಾಧ್ಯಮದವರಿಗೆ ಒಂದು ಸಲಹೆ. ಪ್ರತಿ ಪಾರಿಭಾಷಿಕ ಪದಕ್ಕೂ ನಿಮ್ಮದೇ ಕನ್ನಡ ವಿವರಣೆ ಬರೆದಿಡಿ. ವರ್ಕಿಂಗ್ ಮೆಮೊರಿ ಎಂದರೆ ಫೋನ್ ನಂಬರ್ ಕೇಳಿ ಒತ್ತಿ ಮುಗಿಸುವತನಕ ತಲೆಯಲ್ಲಿ ಹಿಡಿದಿಡುವ ಜಾಗ. ಪ್ರೈಮಿಂಗ್ ಎಂದರೆ ಮೊದಲು ಕಂಡದ್ದು ಆಮೇಲೆ ಬರುವುದನ್ನು ಗುರುತಿಸಲು ದಾರಿ ಸುಗಮ ಮಾಡುವುದು. ಹೀಗೆ ನೂರು ಪದ ಬರೆದರೆ ಇಂಗ್ಲಿಷ್ ಪುಸ್ತಕದ ಭಯ ಅರ್ಧ ಇಳಿಯುತ್ತದೆ, ಸಂದರ್ಶನದಲ್ಲಿ ಉರುಹೊಡೆದ ವ್ಯಾಖ್ಯೆ ಬಾಯಿಗೆ ಬರುವುದೂ ತಪ್ಪುತ್ತದೆ.

4. ಸೇರುವ ಮೊದಲೇ ಒಂದು ಪುಟ್ಟ ಪ್ರಯೋಗ ಮಾಡಿ

ಅರ್ಜಿಯಲ್ಲಿ ನಿಮ್ಮನ್ನು ಬೇರೆಯವರಿಂದ ಪ್ರತ್ಯೇಕಿಸುವುದು ಇದೊಂದೇ. ಲ್ಯಾಬ್ ಬೇಕಿಲ್ಲ, ಲ್ಯಾಪ್‌ಟಾಪ್ ಸಾಕು. ಸೈಕೋಪೈ ಎಂಬ ತಂತ್ರಾಂಶ ಉಚಿತ, ಪೈಥಾನ್ ಆಧಾರಿತ, ಕೋಡ್ ಬರೆಯದೆಯೂ ಪ್ರಯೋಗ ಜೋಡಿಸಬಹುದು. ಧ್ವನಿ ಅಳೆಯಲು ಪ್ರಾಟ್, ಅದೂ ಉಚಿತ. 29ರ ಪ್ರಶ್ನೆಯನ್ನೇ ತೆಗೆದುಕೊಂಡು ಪೂರ್ತಿ ಮಾಡಿ ನೋಡೋಣ.

ಕನ್ನಡ ಮತ್ತು ಉರ್ದು ಎರಡರಲ್ಲೂ ಚಿಕ್ಕಂದಿನಿಂದ ಎಣಿಸಬಲ್ಲ, 18 ದಾಟಿದ 24 ಕಾಲೇಜು ವಿದ್ಯಾರ್ಥಿಗಳು ಬೇಕು. ಹೆಡ್‌ಫೋನಿನಲ್ಲಿ ಒಂದು ಸಂಖ್ಯೆಯ ಹೆಸರು ಕೇಳಿಸುತ್ತದೆ. ಪರದೆಯ ಎಡಬಲಕ್ಕೆ ಎರಡು ಅಂಕಿ: ಒಂದು ಸರಿಯಾದದ್ದು, ಇನ್ನೊಂದು ಅದಕ್ಕಿಂತ 10 ಹೆಚ್ಚು. ಉನ್ತೀಸ್ ಕೇಳಿದರೆ 29 ಮತ್ತು 39. ಸರಿಯಾದದ್ದರ ಕಡೆಯ ಕೀಲಿ ಒತ್ತಬೇಕು.

ಬಳಸುವ ಸಂಖ್ಯೆಗಳು: 29, 39, 49, 59, 69, 79, ಇವಕ್ಕೆ ಜೋಡಿಯಾಗಿ 28, 38, 48, 58, 68, 78. ಉರ್ದುವಿನಲ್ಲಿ 89 ನವಾಸಿ, 99 ನಿನ್ಯಾನವೆ. "ಒಂದು ಕಡಿಮೆ" ಎಂಬ ಮಾದರಿ ಅಲ್ಲಿ ಮುರಿಯುತ್ತದೆ, ಆದ್ದರಿಂದ ಅವೆರಡನ್ನೂ ಬಿಡಿ. 12 ಸಂಖ್ಯೆ, ಪ್ರತಿಯೊಂದೂ 4 ಸಲ, ಅದರಲ್ಲಿ 2 ಸಲ ಸರಿಯುತ್ತರ ಎಡಕ್ಕೆ, 2 ಸಲ ಬಲಕ್ಕೆ: 48. ಎಲ್ಲವೂ 8, 9ರಿಂದಲೇ ಮುಗಿದರೆ ಕೂತವರು ಗುಟ್ಟು ಹಿಡಿಯುತ್ತಾರೆ. ಆದ್ದರಿಂದ ಬೇರೆ 12 ಸಂಖ್ಯೆಗಳನ್ನು ಎರಡೆರಡು ಸಲ ನಡುನಡುವೆ ಸೇರಿಸಿ: 24. ಇವುಗಳಲ್ಲಿ ತಪ್ಪು ಅಂಕಿ 10 ಕಡಿಮೆ ಇರಲಿ, ಇಲ್ಲದಿದ್ದರೆ ಚಿಕ್ಕ ಅಂಕಿಯೇ ಯಾವಾಗಲೂ ಸರಿ ಎಂದು ಕೇಳದೆಯೇ ಒತ್ತುತ್ತಾರೆ. ಒಂದು ಭಾಷೆಗೆ 72, ಎರಡಕ್ಕೆ 144. ಒಂದೊಂದಕ್ಕೆ ಹೆಚ್ಚೆಂದರೆ 5 ಸೆಕೆಂಡು, ಒಟ್ಟು 12 ನಿಮಿಷ. ಅರ್ಧದಷ್ಟು ಜನ ಕನ್ನಡದಿಂದ ಶುರು ಮಾಡಲಿ, ಉಳಿದರ್ಧ ಉರ್ದುವಿನಿಂದ. ಇಲ್ಲದಿದ್ದರೆ ಎರಡನೇ ಭಾಷೆಯ ಹೊತ್ತಿಗೆ ಬಂದ ಅಭ್ಯಾಸವೋ ದಣಿವೋ ಭಾಷೆಯ ಪರಿಣಾಮದಂತೆ ಕಾಣುತ್ತದೆ.

ಈಗ ಕೆಡುವ ಜಾಗಗಳು.

ಬ್ಲೂಟೂತ್ ಹೆಡ್‌ಫೋನ್ ಬೇಡ, ಧ್ವನಿ ತಡವಾಗಿ ಬರುತ್ತದೆ; ತಂತಿಯದ್ದೇ ಇರಲಿ. ಧ್ವನಿ ಕಡತದ ಆರಂಭದಲ್ಲಿ ಮೌನ ಉಳಿದಿದ್ದರೆ ಅದು ನೇರವಾಗಿ ಉತ್ತರದ ಸಮಯಕ್ಕೆ ಸೇರುತ್ತದೆ. ಒಂದು ಕಡತದಲ್ಲಿ 150 ಮಿಲಿಸೆಕೆಂಡ್ ಮೌನ, ಇನ್ನೊಂದರಲ್ಲಿ 20 ಇದ್ದರೆ ಇಲ್ಲದ ವ್ಯತ್ಯಾಸ ಹುಟ್ಟುತ್ತದೆ. ಪ್ರಾಟ್‌ನಲ್ಲಿ ತೆರೆದು ಅಲೆ ಏಳುವ ಜಾಗಕ್ಕೆ ಸರಿಯಾಗಿ ಕತ್ತರಿಸಿ. ಎರಡು ಭಾಷೆಗೂ ಒಬ್ಬರದೇ ಧ್ವನಿ ಬಳಸಿ. ಸಾಮಾನ್ಯ ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ, ಅಂದರೆ ಒಂದು ಚೌಕಟ್ಟಿಗೆ ಸುಮಾರು 16.7 ಮಿಲಿಸೆಕೆಂಡ್. ಏನೇ ತೋರಿಸಿದರೂ ಪೂರ್ಣ ಚೌಕಟ್ಟುಗಳ ಲೆಕ್ಕದಲ್ಲೇ ತೋರಿಸಲು ಸಾಧ್ಯ, ಆದ್ದರಿಂದ "20 ಮಿಲಿಸೆಕೆಂಡ್ ತೋರಿಸಿದೆ" ಎಂದು ಬರೆದರೆ ತಿಳಿದವರು ಓದುವುದನ್ನು ಅಲ್ಲೇ ನಿಲ್ಲಿಸುತ್ತಾರೆ. ಪರದೆಯ ಮೇಲೆ ಕನ್ನಡ ಪದ ತೋರಿಸುವ ಪ್ರಯೋಗವಾದರೆ ಒತ್ತಕ್ಷರ, ಗುಣಿತ ಒಡೆದು ಬರುತ್ತವೆಯೇ ಎಂದು ಮೊದಲೇ ನೋಡಿ. ಒಡೆದರೆ ಪದಗಳನ್ನು ಚಿತ್ರವಾಗಿ ಉಳಿಸಿ ಬಳಸಿ.

ಎಲ್ಲಕ್ಕಿಂತ ದೊಡ್ಡ ಬಲೆ ಹೋಲಿಕೆಯಲ್ಲಿದೆ. ಕನ್ನಡದ ಸಮಯ ಮತ್ತು ಉರ್ದುವಿನ ಸಮಯವನ್ನು ನೇರವಾಗಿ ಹೋಲಿಸುವಂತಿಲ್ಲ. ಇಪ್ಪತ್ತೊಂಬತ್ತು ಉದ್ದದ ಪದ, ಉನ್ತೀಸ್ ಮೋಟು ಪದ. ಸಾಲದ್ದಕ್ಕೆ, ಕನ್ನಡದಲ್ಲಿ "ಇಪ್ಪತ್ತ" ಎನ್ನುವಷ್ಟರಲ್ಲೇ 39 ಅಲ್ಲವೆಂದು ಗೊತ್ತಾಗಿಬಿಡುತ್ತದೆ; ಉರ್ದುವಿನಲ್ಲಿ ಹತ್ತರ ಸ್ಥಾನ ಬರುವುದು ಕೊನೆಗೆ. ಹಾಗಾಗಿ ಮೊದಲು ಒಂದೇ ಭಾಷೆಯೊಳಗೆ 9ರವಕ್ಕೆ ಬೇಕಾದ ಸಮಯದಿಂದ 8ರವಕ್ಕೆ ಬೇಕಾದ ಸಮಯ ಕಳೆಯಿರಿ. ಆಮೇಲೆ ಉರ್ದುವಿನ ಈ ವ್ಯತ್ಯಾಸದಿಂದ ಕನ್ನಡದ ವ್ಯತ್ಯಾಸ ಕಳೆಯಿರಿ. ಒಬ್ಬರಿಗೆ ಒಂದು ಸಂಖ್ಯೆ ಸಿಗುತ್ತದೆ, 24 ಜನಕ್ಕೆ 24. ಆ 24ರ ಸರಾಸರಿ ಸೊನ್ನೆಗಿಂತ ನಿಜಕ್ಕೂ ಹೆಚ್ಚೇ ಎಂದು ಟಿ-ಪರೀಕ್ಷೆಯಿಂದ ನೋಡಿ. ಟಿ-ಪರೀಕ್ಷೆ ಎಂದರೆ ಕಂಡ ಸರಾಸರಿ ಬರೀ ಆಕಸ್ಮಿಕದಿಂದ ಬಂದಿರಬಹುದೇ ಎಂದು ಅಂದಾಜಿಸುವ ಲೆಕ್ಕ.

ಇಲ್ಲೂ ಒಂದು ಸೂಕ್ಷ್ಮವಿದೆ. ಇಪ್ಪತ್ತೆಂಟಕ್ಕಿಂತ ಇಪ್ಪತ್ತೊಂಬತ್ತರಲ್ಲಿ ಒಂದು ಅಕ್ಷರ ಹೆಚ್ಚು. ಉರ್ದುವಿನಲ್ಲಿ ತಿರುಗುಮುರುಗು, ಅಠ್ಠಾಯೀಸ್‌ಗಿಂತ ಉನ್ತೀಸ್ ಚಿಕ್ಕದು. ಆದ್ದರಿಂದ ಲೆಕ್ಕವನ್ನು ಎರಡು ಸಲ ಮಾಡಿ, ಒಮ್ಮೆ ಪದ ಶುರುವಾದ ಕ್ಷಣದಿಂದ, ಇನ್ನೊಮ್ಮೆ ಪದ ಮುಗಿದ ಕ್ಷಣದಿಂದ. ಎರಡೂ ಒಂದೇ ದಿಕ್ಕಿಗೆ ಬಂದರೆ ಮಾತ್ರ ಫಲಿತಾಂಶ ನಂಬಿ. ಪದ ಶುರುವಾಗಿ 200 ಮಿಲಿಸೆಕೆಂಡಿನೊಳಗೆ ಒತ್ತಿದ್ದನ್ನು ಬಿಟ್ಟುಬಿಡಿ, ಅದು ಕೇಳುವ ಮುಂಚೆಯೇ ಮಾಡಿದ ಊಹೆ. ಯಾವುದನ್ನು ಬಿಡುತ್ತೀರಿ ಎಂಬುದನ್ನು ಪ್ರಯೋಗಕ್ಕೆ ಮೊದಲೇ ಬರೆದಿಡಬೇಕು. ಅಂಕಿ ನೋಡಿದ ಮೇಲೆ ನಿಯಮ ಬರೆದರೆ ಬೇಕಾದ ಉತ್ತರವೇ ಬರುತ್ತದೆ.

24 ಜನ, ಪ್ರತಿಯೊಬ್ಬರಿಗೆ 96 ಮುಖ್ಯ ಉತ್ತರಗಳು, ಒಟ್ಟು 2,304 ಸಾಲುಗಳ ಕಡತ ನಿಮ್ಮ ಕೈಯಲ್ಲಿರುತ್ತದೆ. ಅದನ್ನು 2,304 ಜನರಂತೆ ಲೆಕ್ಕ ಹಾಕುವ ತಪ್ಪು ಎಂಜಿನಿಯರಿಂಗ್‌ನಿಂದ ಬಂದವರಲ್ಲಿ ತುಂಬ ಸಾಮಾನ್ಯ. ಒಬ್ಬರ ಉತ್ತರಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಮುಂದೆ ಕಲಿಯುವ ಮಿಶ್ರ ಪರಿಣಾಮ ಮಾದರಿಗಳು, ಅಂದರೆ ವ್ಯಕ್ತಿಯಿಂದ ವ್ಯಕ್ತಿಗೆ, ಪದದಿಂದ ಪದಕ್ಕೆ ಇರುವ ಏರುಪೇರನ್ನು ಬೇರೆ ಬೇರೆಯಾಗಿ ಎಣಿಸುವ ಲೆಕ್ಕಗಳು, ಇದನ್ನು ಸರಿಯಾಗಿ ನಿಭಾಯಿಸುತ್ತವೆ.

ಭಾಷೆಯ ಹಿನ್ನೆಲೆ ಕೇಳುವ ಪ್ರಶ್ನಾವಳಿ ಪಠ್ಯಪುಸ್ತಕದ ಕನ್ನಡದಲ್ಲಿ ಬೇಡ. "ತಾವು ಯಾವ ಭಾಷೆಯಲ್ಲಿ ಪ್ರಾವೀಣ್ಯ ಹೊಂದಿದ್ದೀರಿ?" ಎಂದರೆ ಎಲ್ಲರೂ ಶಾಲೆಯ ಭಾಷೆಯನ್ನೇ ಬರೆಯುತ್ತಾರೆ. "ಮನ್ಯಾಗ ಯಾವ ಭಾಷಾ ಮಾತಾಡ್ತೀರಿ? ರೊಕ್ಕ ಎಣಿಸೋದು ಯಾವುದರಾಗ?" ಎಂದು ಕೇಳಿ. ಎಣಿಸುವ ಭಾಷೆ ಮಾತಾಡುವ ಭಾಷೆಗಿಂತ ಬೇರೆಯಾಗಿರುವವರು ನಮ್ಮ ಕಡೆ ಬಹಳ. ಅಂಥವರನ್ನು ಗುರುತಿಸದಿದ್ದರೆ ಪ್ರಯೋಗವೇ ಹಾಳು.

ನೈತಿಕತೆಯ ವಿಷಯದಲ್ಲಿ ರಾಜಿ ಬೇಡ. ಕಾಲೇಜಿನಲ್ಲಿ ನೈತಿಕ ಸಮಿತಿ ಇದ್ದರೆ ಅನುಮತಿ ಪಡೆಯಿರಿ, ಇಲ್ಲದಿದ್ದರೆ ಮಾರ್ಗದರ್ಶನ ಮಾಡುವ ಅಧ್ಯಾಪಕರ ಮೂಲಕವೇ ನಡೆಸಿ. ಮನುಷ್ಯರ ಮೇಲಿನ ಆರೋಗ್ಯ ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು (ಐಸಿಎಂಆರ್) 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಓದಿಕೊಳ್ಳಿ. ಏನು ಮಾಡಿಸುತ್ತೀರಿ, ಎಷ್ಟು ಹೊತ್ತು, ಬೇಡವೆನಿಸಿದರೆ ಎದ್ದುಹೋಗಬಹುದು ಎಂಬುದನ್ನು ಅವರ ಭಾಷೆಯಲ್ಲೇ ಹೇಳಿ ಸಹಿ ಪಡೆಯಿರಿ. ಕಡತದಲ್ಲಿ ಹೆಸರು ಬೇಡ, ಸಂಖ್ಯೆ ಇರಲಿ. ಮಕ್ಕಳ ಮೇಲಿನ ಪ್ರಯೋಗವನ್ನು ಈ ಹಂತದಲ್ಲಿ ಕೈಗೆತ್ತಿಕೊಳ್ಳಬೇಡಿ. ಅದಕ್ಕೆ ತಂದೆತಾಯಿಯ ಒಪ್ಪಿಗೆ, ಮಗುವಿನ ಒಪ್ಪಿಗೆ, ಶಾಲೆಯ ಅನುಮತಿ ಎಲ್ಲ ಬೇಕು. ಅಲ್ಲದೆ ಉರ್ದು ಶಾಲೆ ಮತ್ತು ಕನ್ನಡ ಶಾಲೆಯ ಮಕ್ಕಳನ್ನು ಹೋಲಿಸಿದರೆ ಭಾಷೆಯ ಜತೆ ಶಿಕ್ಷಕರು, ಮನೆಯ ಪರಿಸ್ಥಿತಿ, ಶಾಲೆಯ ಸೌಕರ್ಯ ಎಲ್ಲವೂ ಬದಲಾಗಿರುತ್ತದೆ. ಇಬ್ಭಾಷಿಕರನ್ನೇ ಎರಡೂ ಭಾಷೆಯಲ್ಲಿ ಪರೀಕ್ಷಿಸಲು ಇದೇ ಕಾರಣ.

ಫಲಿತಾಂಶ ಸೊನ್ನೆ ಬಂದರೂ ಅಡ್ಡಿಯಿಲ್ಲ. ನಾಲ್ಕು ಪುಟದ ವರದಿ ಬರೆಯಿರಿ.

5. ಎಲ್ಲಿ ಸೇರಬೇಕು

ದಾರಿ ಎರಡು. ಮೊದಲನೆಯದು ಕಾಗ್ನಿಟಿವ್ ಸೈನ್ಸ್ ಎಂಬ ಹೆಸರಿನ ಪದವಿ. ಎರಡನೆಯದು ತವರು ಶಾಸ್ತ್ರದ ವಿಭಾಗದಲ್ಲೇ ಉಳಿದು, ಅರಿವಿನ ವಿಷಯದಲ್ಲಿ ವಿಶೇಷ ಅಧ್ಯಯನ ಮಾಡುವುದು.

ನಮಗೆ ಹತ್ತಿರದ್ದು ಹೈದರಾಬಾದ್. ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ನರ ಮತ್ತು ಅರಿವಿನ ವಿಜ್ಞಾನಗಳ ಕೇಂದ್ರವಿದೆ. ಗಚ್ಚಿಬೌಲಿಯ ಟ್ರಿಪಲ್ ಐಟಿಯಲ್ಲಿ ಅರಿವಿನ ವಿಜ್ಞಾನದ ಲ್ಯಾಬ್ ಇದ್ದು, ಕಂಪ್ಯೂಟರಿನ ಕಡೆಯಿಂದ ಬರುವವರಿಗೆ ಹೊಂದುತ್ತದೆ. ಎರಡಕ್ಕೂ ಲಿಂಗಂಪಲ್ಲಿ ನಿಲ್ದಾಣ ಹತ್ತಿರ. ಬೀದರಿನಿಂದಾಗಲಿ, ಕಲಬುರಗಿಯಿಂದ ವಾಡಿ, ತಾಂಡೂರು ಮೇಲಾಗಲಿ ಬರುವವರು ಊರೊಳಗೆ ಹೋಗದೆ ಅಲ್ಲೇ ಇಳಿಯಬಹುದು. ಅಲಹಾಬಾದ್ ವಿಶ್ವವಿದ್ಯಾಲಯದ ವರ್ತನೆ ಮತ್ತು ಅರಿವಿನ ವಿಜ್ಞಾನಗಳ ಕೇಂದ್ರ 2002ರಷ್ಟು ಹಳೆಯದು. ಐಐಟಿ ಗಾಂಧಿನಗರದ ಎರಡು ವರ್ಷದ ಎಂ.ಎಸ್ಸಿ. ಕಲೆ, ವಿಜ್ಞಾನ, ಎಂಜಿನಿಯರಿಂಗ್ ಎಲ್ಲ ಹಿನ್ನೆಲೆಯವರನ್ನೂ ತೆಗೆದುಕೊಳ್ಳುತ್ತದೆ. ಐಐಟಿ ಕಾನ್ಪುರದಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ, ಐಐಟಿ ದೆಹಲಿಯಲ್ಲಿಯೂ ಎಂ.ಎಸ್ಸಿ. ಇದೆ. ಬೆಂಗಳೂರಿನ ಐಐಎಸ್ಸಿಯ ನರವಿಜ್ಞಾನ ಕೇಂದ್ರ ಪಿಎಚ್‌.ಡಿ. ಮಾಡುವವರಿಗೆ.

ಎರಡನೇ ದಾರಿಯನ್ನು ಕೀಳೆಂದು ಎಣಿಸಬೇಡಿ. ಮನೆಬಿಟ್ಟು ದೂರ ಹೋಗಲಾಗದವರು, ಕೆಲಸದಲ್ಲಿರುವವರು ಗುಲಬರ್ಗಾ ವಿಶ್ವವಿದ್ಯಾಲಯ ಅಥವಾ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ಓದಿ, ಪ್ರಬಂಧದ ವಿಷಯವನ್ನು ಅರಿವಿನ ಕಡೆಗೆ ತಿರುಗಿಸಿಕೊಳ್ಳಬಹುದು. ಪಿಎಚ್‌.ಡಿ.ಗೆ ಯುಜಿಸಿಯ 2022ರ ನಿಯಮದ ಪ್ರಕಾರ ಕನಿಷ್ಠ 12 ಕ್ರೆಡಿಟ್ ಕೋರ್ಸ್‌ವರ್ಕ್ ಬೇಕು. ಬೇರೆ ವಿಭಾಗದ ಸಹಮಾರ್ಗದರ್ಶಕರನ್ನು ಇಟ್ಟುಕೊಳ್ಳುವ ಅವಕಾಶವೂ ಇದೆ. ಆದರೆ ಆ ಮಾತನ್ನು ನೋಂದಣಿಗೆ ಮೊದಲೇ ಮಾರ್ಗದರ್ಶಕರ ಜತೆ ಆಡಿ, ಬರಹದಲ್ಲಿ ಪಡೆಯಿರಿ. ಮೂರನೇ ವರ್ಷದಲ್ಲಿ ಕೇಳಿದರೆ ಯಾರೂ ಒಪ್ಪುವುದಿಲ್ಲ.

6. ಪರೀಕ್ಷೆಗಳು

ಕೇಂದ್ರೀಯ ವಿಶ್ವವಿದ್ಯಾಲಯಗಳ ಸ್ನಾತಕೋತ್ತರ ಪ್ರವೇಶ ಬಹುಮಟ್ಟಿಗೆ ಸಿಯುಇಟಿ ಪಿಜಿ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆಯ ಮೂಲಕ. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಕಡಿತ. ಯಾವ ಕೋರ್ಸಿಗೆ ಯಾವ ಪ್ರಶ್ನೆಪತ್ರಿಕೆ ಎಂಬುದನ್ನು ವಿಶ್ವವಿದ್ಯಾಲಯದ ಪಟ್ಟಿಯಲ್ಲೇ ನೋಡಿ. ತಪ್ಪು ಪತ್ರಿಕೆ ಆಯ್ದರೆ ಅಂಕ ಎಷ್ಟಿದ್ದರೂ ಅರ್ಜಿ ತಿರಸ್ಕಾರವಾಗುತ್ತದೆ. ಐಐಟಿಗಳು ಲಿಖಿತ ಪರೀಕ್ಷೆ, ಸಂದರ್ಶನವನ್ನು ತಾವೇ ನಡೆಸುವುದೂ ಉಂಟು.

ಗೇಟ್ ಬರೆಯುವವರಿಗೆ ಮಾನವಿಕ ಮತ್ತು ಸಮಾಜವಿಜ್ಞಾನಗಳ ಎಕ್ಸ್ಎಚ್ ಪತ್ರಿಕೆ 2021ರಿಂದ ಇದೆ. ಮೂರು ತಾಸು, 100 ಅಂಕ: ಸಾಮಾನ್ಯ ಸಾಮರ್ಥ್ಯ 15, ತರ್ಕ ಮತ್ತು ಗ್ರಹಿಕೆ 25, ನೀವು ಆಯ್ದ ವಿಷಯ 60. ಮನಃಶಾಸ್ತ್ರ, ಭಾಷಾವಿಜ್ಞಾನ, ತತ್ವಶಾಸ್ತ್ರ ಮೂರೂ ಅಲ್ಲಿವೆ. ಮೊದಲ ಎರಡು ಭಾಗ ಸೇರಿ 40 ಅಂಕ ಎಂಬುದನ್ನು ಮರೆತು ವಿಷಯವನ್ನಷ್ಟೇ ಓದುವವರು ಅಲ್ಲಿ ಕಳೆದುಕೊಳ್ಳುತ್ತಾರೆ. ಅಂಕ ಮೂರು ವರ್ಷ ಚಾಲ್ತಿ.

ಪಿಎಚ್‌.ಡಿ. ಕಾಲದ ಶಿಷ್ಯವೇತನಕ್ಕೆ ಯುಜಿಸಿ ನೆಟ್ ಪರೀಕ್ಷೆಯ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧನಾ ಶಿಷ್ಯವೇತನ. 2023ರ ಜನವರಿ 1ರಿಂದ ತಿಂಗಳಿಗೆ 37,000 ರೂ., ಹಿರಿಯ ಹಂತಕ್ಕೆ 42,000 ರೂ. ಇದೆ, ಮನೆಬಾಡಿಗೆ ಭತ್ಯೆ ಬೇರೆ.

7. ಪ್ರಮಾಣಪತ್ರಗಳು: ನಮ್ಮ ಭಾಗದವರು ಹೆಚ್ಚು ಎಡವುವ ಜಾಗ

371(ಜೆ) ಪ್ರಮಾಣಪತ್ರ ರಾಜ್ಯದ ಸಂಸ್ಥೆಗಳಿಗೆ. ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಅದರ ಬೆಲೆ ದೊಡ್ಡದು. ಐಐಟಿಗಳಲ್ಲಿ, ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ಅದಕ್ಕೆ ಸೀಟಿಲ್ಲ. ಅದನ್ನು ನೆಚ್ಚಿ ಕೂರಬೇಡಿ.

2ಎ, 3ಬಿ, ಪ್ರವರ್ಗ 1 ಎಂಬವು ರಾಜ್ಯದ ವರ್ಗೀಕರಣ. ಕೇಂದ್ರದ ಸಂಸ್ಥೆಗಳು ನೋಡುವುದು ಹಿಂದುಳಿದ ವರ್ಗಗಳ ರಾಷ್ಟ್ರೀಯ ಆಯೋಗದ ಕೇಂದ್ರ ಪಟ್ಟಿ. ರಾಜ್ಯದ ಪಟ್ಟಿಯಲ್ಲಿರುವ ಕೆಲವು ಜಾತಿಗಳು ಅದರಲ್ಲಿ ಇಲ್ಲ. ಆಯೋಗದ ಜಾಲತಾಣದಲ್ಲಿ ಕರ್ನಾಟಕದ ಪಟ್ಟಿ ತೆಗೆದು ನಿಮ್ಮ ಜಾತಿಯ ಹೆಸರು ಅಕ್ಷರಶಃ ಹುಡುಕಿ. ಇದ್ದರೆ ನಾಡಕಚೇರಿಯಲ್ಲಿ "ಕೇಂದ್ರ ಸರ್ಕಾರದ ಉದ್ದೇಶಕ್ಕೆ" ಎಂದು ಬಿಡಿಸಿ ಹೇಳಿ, ಕೆನೆಪದರದಲ್ಲಿಲ್ಲ ಎಂಬ ಕೇಂದ್ರ ನಮೂನೆಯ ಒಬಿಸಿ ಪ್ರಮಾಣಪತ್ರ ಕೇಳಿ. ಹೇಳದಿದ್ದರೆ ರಾಜ್ಯದ ಜಾತಿ-ಆದಾಯ ಪತ್ರ ಕೊಡುತ್ತಾರೆ, ಅದು ನಡೆಯುವುದಿಲ್ಲ. ಕೇಂದ್ರ ಪಟ್ಟಿಯಲ್ಲೂ ಪರಿಶಿಷ್ಟ ಜಾತಿ, ಪಂಗಡಗಳಲ್ಲೂ ಇಲ್ಲದವರು, ಕುಟುಂಬದ ವಾರ್ಷಿಕ ಆದಾಯ 8 ಲಕ್ಷ ರೂ.ಗಿಂತ ಕಡಿಮೆ ಇದ್ದು ಆಸ್ತಿಯ ಷರತ್ತುಗಳೂ ಹೊಂದಿದರೆ, ಆರ್ಥಿಕವಾಗಿ ದುರ್ಬಲ ವರ್ಗದ (ಇಡಬ್ಲ್ಯುಎಸ್) ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು. ಎರಡೂ ಪತ್ರಗಳನ್ನು ಸಾಮಾನ್ಯವಾಗಿ ಆ ವರ್ಷದ ಏಪ್ರಿಲ್ 1ರ ನಂತರದ ತಾರೀಕಿನವೇ ಬೇಕೆಂದು ಕೇಳುತ್ತಾರೆ. ಏಪ್ರಿಲ್ ಮೊದಲ ವಾರದಲ್ಲೇ ಅರ್ಜಿ ಕೊಡಿ.

ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪದವಿ ಪತ್ರ ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ಆಗಿದೆಯೇ ನೋಡಿ. ತಿದ್ದಿಸಲು ತಿಂಗಳುಗಳೇ ಹಿಡಿಯುತ್ತವೆ.

8. ಉದ್ದೇಶ ಪತ್ರ ಮತ್ತು ಸಂದರ್ಶನ

ಉದ್ದೇಶ ಪತ್ರ ಎಂದರೆ ಏಕೆ ಸೇರಬೇಕೆಂದು ನೀವು ಬರೆದುಕೊಡುವ ಎರಡು ಪುಟ. "ಬಾಲ್ಯದಿಂದಲೂ ಮನಸ್ಸಿನ ರಹಸ್ಯಗಳು ನನ್ನನ್ನು ಸೆಳೆದಿವೆ" ಎಂಬ ಸಾಲಿದ್ದರೆ ಅಳಿಸಿಹಾಕಿ. ಮೊದಲ ಪ್ಯಾರಾದಲ್ಲೇ ನಿಮ್ಮ ಪ್ರಶ್ನೆ ಇರಲಿ: ಉನ್ತೀಸ್ ಕೇಳಿದವರು 29 ಒತ್ತಲು ತಡಮಾಡುತ್ತಾರೆಯೇ? ಆಮೇಲೆ ಮಾಡಿದ ಪ್ರಯೋಗ, ಅದರಲ್ಲಿ ತಪ್ಪಿದ್ದು, ಅದನ್ನು ಸರಿಪಡಿಸಲು ನಿಮಗೆ ಯಾವ ವಿದ್ಯೆ ಕಡಿಮೆ ಇದೆ, ಆ ವಿದ್ಯೆ ಅಲ್ಲಿ ಯಾರ ಲ್ಯಾಬಿನಲ್ಲಿದೆ. ಅಧ್ಯಾಪಕರಿಗೆ ಇಮೇಲ್ ಬರೆಯುವುದಾದರೆ ಅವರ ಎರಡು ಪ್ರಬಂಧ ಓದಿ, ಒಂದರ ಬಗ್ಗೆ ಒಂದು ಪ್ರಶ್ನೆ ಕೇಳಿ, 150 ಪದದೊಳಗೆ ಮುಗಿಸಿ. ಇಪ್ಪತ್ತು ಜನಕ್ಕೆ ಒಂದೇ ಪತ್ರ ಕಳಿಸಿದರೆ ಅವರಿಗೆ ಗೊತ್ತಾಗುತ್ತದೆ.

ಸಂದರ್ಶನದಲ್ಲಿ ಮಾದರಿ ಹೀಗಿರುತ್ತದೆ: ಒಂದು ಗ್ರಾಫ್ ತೋರಿಸಿ "ಇದಕ್ಕೆ ಬೇರೆ ಕಾರಣ ಇರಬಹುದೇ?" ಎನ್ನುತ್ತಾರೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ಆಮೇಲೆ ಹೇಗೆ ಹುಡುಕುತ್ತೀರಿ ಎಂದು ಹೇಳಿ. ಇಂಗ್ಲಿಷ್ ತಡವರಿಸಿದರೂ ಯೋಚನೆ ಸರಿಯಿದ್ದವರನ್ನು ತೆಗೆದುಕೊಳ್ಳುತ್ತಾರೆ. ಉತ್ತರವನ್ನು ಕನ್ನಡದಲ್ಲಿ ಯೋಚಿಸಿ, ಚಿಕ್ಕ ವಾಕ್ಯಗಳಲ್ಲಿ ಹೇಳಿ.

9. ಸೇರಿದ ಮೇಲೆ, ಮೊದಲ ವರ್ಷದಲ್ಲೇ

ಉದ್ಯೋಗದ ಲೆಕ್ಕ ಈಗಲೇ ಹಾಕಿ. ಪದವಿ ಕಾಲೇಜಿನ ಸಹಾಯಕ ಪ್ರಾಧ್ಯಾಪಕ ಹುದ್ದೆಗಳು ಮನಃಶಾಸ್ತ್ರ, ಕಂಪ್ಯೂಟರ್ ಸೈನ್ಸ್ ಎಂಬ ಹಳೆಯ ಹೆಸರುಗಳಲ್ಲೇ ಬರುತ್ತವೆ. ಬಿ.ಎ. ಮನಃಶಾಸ್ತ್ರ ಓದಿ ಕಾಗ್ನಿಟಿವ್ ಸೈನ್ಸ್ ಎಂ.ಎಸ್ಸಿ. ಮಾಡಿದವರು ಅದೇ ವಿಷಯದಲ್ಲಿ ನೆಟ್ ಅಥವಾ ಕೆ-ಸೆಟ್ ಬರೆಯುವ ಮುಂಚೆ, ತಮ್ಮ ಸ್ನಾತಕೋತ್ತರ ಪದವಿಯನ್ನು ಸಂಬಂಧಿತ ವಿಷಯವೆಂದು ಒಪ್ಪುತ್ತಾರೆಯೇ ಎಂದು ಪ್ರಕಟಣೆಯ ಅರ್ಹತೆಯ ಭಾಗ ಓದಿ ಖಚಿತ ಮಾಡಿಕೊಳ್ಳಬೇಕು. ಕಾಲೇಜಿನಲ್ಲಿ ಪಾಠ ಹೇಳುವುದೇ ಗುರಿಯಾದರೆ ಮೇಲೆ ಹೇಳಿದ ಎರಡನೇ ದಾರಿಯೇ ಸುರಕ್ಷಿತ. ಸಂಶೋಧನೆ, ಬಳಕೆದಾರರ ಅನುಭವ ಅಧ್ಯಯನ, ಅಂದರೆ ಒಂದು ಆ್ಯಪ್ ಅಥವಾ ಯಂತ್ರವನ್ನು ಜನ ಹೇಗೆ ಬಳಸುತ್ತಾರೆ ಎಂದು ಪರೀಕ್ಷಿಸುವ ಕೆಲಸ, ಭಾಷಾ ತಂತ್ರಜ್ಞಾನ, ಕಲಿಕಾ ಸಾಮಗ್ರಿ ತಯಾರಿ ಇವುಗಳ ಕಡೆ ಹೋಗುವವರಿಗೆ ಪದವಿಯ ಹೆಸರಿಗಿಂತ ಮಾಡಿ ತೋರಿಸಿದ ಕೆಲಸ ಮುಖ್ಯ.

ಐಚ್ಛಿಕ ವಿಷಯ ಆಯುವಾಗ ಸುಲಭದ್ದರ ಕಡೆ ಕೈ ಹೋಗುತ್ತದೆ. ಮೊದಲ ಸೆಮಿಸ್ಟರ್‌ನಲ್ಲಿ ಸಂಖ್ಯಾಶಾಸ್ತ್ರ ಮತ್ತು ಪ್ರಯೋಗ ವಿನ್ಯಾಸ ಮುಗಿಸಿ. ಎರಡನೆಯದರಲ್ಲಿ ನಿಮ್ಮ ತವರಲ್ಲದ ಒಂದು ಶಾಸ್ತ್ರವನ್ನು, ಆ ವಿಭಾಗದ ವಿದ್ಯಾರ್ಥಿಗಳ ಜತೆಯಲ್ಲೇ ಕೂತು ಓದಿ. ಪ್ರಬಂಧದ ಮಾರ್ಗದರ್ಶಕರನ್ನು ಆ ಸೆಮಿಸ್ಟರ್ ಮುಗಿಯುವ ಮೊದಲೇ ಕೇಳಿ. ಬೇಸಿಗೆ ರಜೆಗೆ ಊರಿಗೆ ಬಂದಾಗ 24 ಜನರ ಪ್ರಯೋಗವನ್ನು 60 ಜನಕ್ಕೆ ಬೆಳೆಸಬಹುದು. ಎರಡು ಭಾಷೆಯಲ್ಲಿ ಎಣಿಸುವವರು ಹೈದರಾಬಾದಿನ ಹಾಸ್ಟೆಲ್‌ನಲ್ಲಿ ಹುಡುಕಿದರೂ ಅಷ್ಟು ಸಿಗುವುದಿಲ್ಲ, ಹುಮನಾಬಾದಿನಲ್ಲಿ ಒಂದು ವಾರದಲ್ಲಿ ಸಿಗುತ್ತಾರೆ.